ಬಣ್ಣ ತಿರುಗುವ ಮುಂಚೆ

ಆಗಸ್ಟ್ 2, ಭಾನುವಾರ

ಬೆಳಿಗ್ಗೆ ಈ ವರ್ಷದ ಮೊದಲ ಸೇಬು ಹಿತ್ತಲಿನ ಶೆಡ್ಡಿನ ತಗಡಿನ ಮೇಲೆ ಬಿತ್ತು. ಮಾವ ಅಡುಗೆಮನೆ ಕಿಟಕಿಯಿಂದ ಇಣುಕಿ "ಬಿತ್ತು" ಅಂದರು. ನಾನು "ಹ್ಞೂಂ" ಅಂದೆ. ಇವತ್ತಿಗೆ ನಮ್ಮಿಬ್ಬರ ಮಾತುಕತೆ ಅಷ್ಟೇ.

ಈ ಡೈರಿ ನಮ್ಮ ಲಿಫ್ಟ್ ಕಂಪನಿಯವರು ವರ್ಷಾ ವರ್ಷಾ ಕೊಡುವಂಥದ್ದು. ಮನೆಗೆ ತಂದ ದಿನವೇ ಹೆಂಡತಿ ಕಿತ್ತುಕೊಂಡು ಬಿಡುತ್ತಿದ್ದಳು. ಈ ವರ್ಷ ಅವಳಿಗೆ ಆಸ್ಪತ್ರೆ ಓಡಾಟದಲ್ಲಿ ಪುರುಸೊತ್ತಾಗಲಿಲ್ಲ, ಇದು ಕಪಾಟಿನಲ್ಲೇ ಉಳಿಯಿತು. ಏಪ್ರಿಲ್‌ನಲ್ಲಿ ತೀರಿಕೊಂಡಳು. ಖಾಲಿ ಹಾಳೆ ಕಂಡಿತು, ಬರೆಯುತ್ತಿದ್ದೇನೆ. ಬೇರೆ ಘನವಾದ ಕಾರಣವೇನೂ ಇಲ್ಲ.

ಮಧ್ಯಾಹ್ನ ಭಾವಮೈದುನ ಫೋನ್ ಮಾಡಿದ್ದ. "ಭಾವ, ಅಪ್ಪನಿಗೆ ರೂಮು ರೆಡಿಯಾಗಿದೆ. ಸೆಪ್ಟೆಂಬರ್ ಮೊದಲನೇ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ನೀವಾದ್ರೂ ಎಷ್ಟು ದಿನ ಅಂತ ನೋಡ್ಕೊಳ್ತೀರಿ?" ಒಳ್ಳೆಯ ಹುಡುಗ. "ಆಯ್ತು" ಅಂದೆ.

ಅವನು ಹೇಳುವುದೂ ಸರಿಯೇ. ಮಾವ ಇಲ್ಲಿಗೆ ಬಂದದ್ದು ಮಗಳ ಮನೆ ಅಂತ. ಮಗಳಿಲ್ಲದ ಮೇಲೆ ಈ ಮನೆಗೆ ಅವರು ಯಾವ ಲೆಕ್ಕ, ಅವರಿಗೆ ನಾನು ಯಾವ ಲೆಕ್ಕ? ಏನೂ ಅನ್ನಿಸಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ಬ್ರೆಡ್ಡು ತಿಂದು ಹಾಲ್‌ನ ಸೋಫಾದಲ್ಲಿ ಮಲಗಿದೆ. ಮಂಚದ ಕಡೆ ಹೋಗಿ ತುಂಬಾ ದಿನ ಆಯಿತು.

ಆಗಸ್ಟ್ 4, ಮಂಗಳವಾರ

ಮಾವನಿಗೂ ನನಗೂ ಜಗಳವಿಲ್ಲ. ಜಗಳ ಆಡುವಷ್ಟು ಸಲುಗೆಯೇ ಇಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಮ್ಮ ಮಾತೆಲ್ಲ ಅವಳ ಮೂಲಕ ಓಡಾಡುತ್ತಿತ್ತು. "ಅಪ್ಪ ಕೇಳ್ತಿದ್ದಾರೆ, ನಲ್ಲಿ ಯಾವಾಗ ಸರಿ ಮಾಡ್ತೀರಿ ಅಂತ." "ನಾಳೆ ಅಂತ ಹೇಳು." ಮಾವ ಅಲ್ಲೇ ಎದುರಿಗೆ ಕೂತಿರುತ್ತಿದ್ದರು. ಅವಳು ಅವರ ಕಡೆ ತಿರುಗಿ "ನಾಳೆಯಂತೆ" ಅನ್ನುತ್ತಿದ್ದಳು. ಆಮೇಲೆ ಒಬ್ಬಳೇ ನಗುತ್ತಿದ್ದಳು. ನಾವಿಬ್ಬರೂ ನಗುತ್ತಿರಲಿಲ್ಲ, ಗುಮ್ಮನಗುಸುಕರು.

ಇವತ್ತು ಕೆಲಸದಿಂದ ಬಂದಾಗ ಮಾವ ಹಿಂದಿನ ಕೋಣೆಯಲ್ಲಿ ಫ್ರೀಜರಿನ ಮುಚ್ಚಳ ಎತ್ತಿ ಹಿಡಿದು ನಿಂತಿದ್ದರು. ಬಾಗಿಲು ಮುಚ್ಚಿದ ಯಾವುದೋ ಐಸ್‌ಕ್ರೀಮ್ ಅಂಗಡಿಯಿಂದ ಅವಳು ಅಗ್ಗಕ್ಕೆ ತಂದ ಪೆಟ್ಟಿಗೆ ಅದು. ಮುಚ್ಚಳದ ಮೇಲೆ ಕೋನ್ ಹಿಡಿದು ನಗುವ ಕರಡಿಯ ಚಿತ್ರ ಇನ್ನೂ ಇದೆ.

"ಕೆಳಗೆ ಏನೋ ಇದೆ. ನನ್ನ ಬೆನ್ನು ಬಗ್ಗಲ್ಲ" ಅಂದರು.

ಬಗ್ಗಿ ತೆಗೆದೆ. ಹೋದ ವರ್ಷದ ಸೇಬು, ಒಂದೇ ಒಂದು ಚೀಲ. ಹೋಳುಗಳು ಬೆಳ್ಳಗೆ, ಈಗ ತಾನೇ ಹೆಚ್ಚಿ ಹಾಕಿದ ಹಾಗೆ ಇದ್ದವು. ಮಾವ ಚೀಲವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೆರಳು ಮರಗಟ್ಟುತ್ತಿರಬೇಕು, ಆದರೂ ಬಿಡಲಿಲ್ಲ.

"ಇದನ್ನ ವಾಪಸ್ ಇಡಿ. ಯಾರೂ ಮುಟ್ಟೋದು ಬೇಡ" ಅಂದರು. ನಾನು ಇಟ್ಟ ಮೇಲೆ, "ಅಳಿಯಂದಿರೇ, ಈ ಸಲದ ಹಣ್ಣು ನಾವೇ ಮಾಡಿಡೋಣ. ನಾನು ಹೋಗೋದರೊಳಗೆ ಈ ಪೆಟ್ಟಿಗೆ ತುಂಬಬೇಕು. ನಿಮಗೆ ವರ್ಷ ಪೂರ್ತಿ ಆಗುತ್ತೆ. ಪುಟ್ಟಿ ಇದ್ದಿದ್ರೆ ಖಾಲಿ ಬಿಡ್ತಿರಲಿಲ್ಲ" ಅಂದರು.

ಪುಟ್ಟಿ ಅಂದರೆ ಅವಳು. ನಾನು ಆಗಲಿ ಅಂದೆ. ಬೇಡ ಅನ್ನುವುದಕ್ಕೂ ಮೈಯಲ್ಲಿ ಕಸುವು ಬೇಕು.

ಆಗಸ್ಟ್ 9, ಭಾನುವಾರ

ಇವತ್ತು ಮಾಡಿದ್ದೆಲ್ಲ ಗುಂಡಿಗೆ ಹೋಯಿತು.

ಮಾವನ ಪ್ರಕಾರ ಗುಟ್ಟೆಲ್ಲ ನಿಂಬೆಯಲ್ಲಿದೆ. "ಹೋದ ವರ್ಷ ಅಷ್ಟೂ ನಿಂಬೆ ಹಿಂಡಿದವನು ನಾನು." ಆಗ ನನ್ನ ಪಾಲಿನ ಕೆಲಸ ಹಣ್ಣು ಕಿತ್ತು ತೊಳೆದು ಬುಟ್ಟಿ ಇಡುವುದು, ಸಂಜೆ ತುಂಬಿದ ಚೀಲಗಳನ್ನು ಫ್ರೀಜರಿಗೆ ಇಳಿಸುವುದು. ನಿಂಬೆ ಹಿಂಡಿ ಮಾವ ಪೇಪರ್ ಓದಲು ಹೋಗುತ್ತಿದ್ದರು. ಬುಟ್ಟಿ ಇಟ್ಟು ನಾನು ರೇಡಿಯೋ ಹತ್ತಿರ ಹೋಗುತ್ತಿದ್ದೆ. ನಮ್ಮಿಬ್ಬರ ಮಧ್ಯೆ ನಿಂತು ಅವಳು ಏನು ಮಾಡುತ್ತಿದ್ದಳು ಅಂತ ಇಬ್ಬರಿಗೂ ಗೊತ್ತಿಲ್ಲ.

ಮಾವ ಆಯುಷ್ಯವೆಲ್ಲ ಪುಸ್ತಕ ಬೈಂಡ್ ಮಾಡಿದವರು. ಆ ಕೆಲಸದಲ್ಲಿ ಮೊದಲು ಎಲ್ಲ ಹಾಳೆ ಮಡಿಸಬೇಕಂತೆ, ಆಮೇಲೆ ಎಲ್ಲವನ್ನೂ ಹೊಲಿಯಬೇಕು, ಆಮೇಲೆ ಎಲ್ಲಕ್ಕೂ ಅಂಟು. ಒಂದು ಹಂತ ಪೂರ್ತಿ ಮುಗಿಯದೆ ಮುಂದಿನದಕ್ಕೆ ಕೈ ಹಾಕಿದರೆ ಅದು ಕೆಲಸವೇ ಅಲ್ಲ. ಸೇಬಿಗೂ ಅದೇ ಕಾನೂನು. ಬುಟ್ಟಿಯ ಅಷ್ಟೂ ಹಣ್ಣಿನ ಸಿಪ್ಪೆ ಹೆರೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಸಾಲು ಒಂಚೂರೂ ಸೊಟ್ಟ ಇರಲಿಲ್ಲ. ಆಮೇಲೆ ಎಲ್ಲವನ್ನೂ ಕೊಯ್ದು ಹೋಳು ಜೋಡಿಸಿದೆವು. ಆಮೇಲೆ ನಿಂಬೆ ನೀರು. ಅಷ್ಟರಲ್ಲಿ ಮೊದಲ ಸಾಲು ಪೂರ್ತಿ ಕಂದು ತಿರುಗಿತ್ತು. ಎರಡನೆಯದು ಅದರ ಹಿಂದೆಯೇ ಹೊರಟಿತ್ತು.

"ಹಳೇ ಕಾಗದ ಹೀಗೇ ಆಗೋದು" ಅಂದರು ಮಾವ. ಅಂದು ಕೈ ಚೆಲ್ಲಿ ಕುಳಿತರು.

ನಾನು ಬಾಚಿ ಗೊಬ್ಬರದ ಗುಂಡಿಗೆ ಸುರಿದೆ. ಬೇಜಾರೂ ಆಗಲಿಲ್ಲ. ಅಷ್ಟು ಹಣ್ಣು ಹಾಳಾದರೆ ಮನುಷ್ಯನಿಗೆ ಬೇಜಾರಾಗಬೇಕು.

ಆಗಸ್ಟ್ 13, ಗುರುವಾರ

ಎರಡನೇ ಸಲ. ನಿಂಬೆ ಜಾಸ್ತಿ ಮಾಡಿದರು. ಕಂದು ಕಮ್ಮಿಯಾಯಿತು, ಆದರೆ ಬಾಯಿಗಿಟ್ಟರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಫ್ರೀಜರಿನಿಂದ ತೆಗೆದರೆ ಹೋಳೆಲ್ಲ ಒಂದಕ್ಕೊಂದು ಅಂಟಿ ಚೀಲವೇ ಇಟ್ಟಿಗೆಯಾಗಿತ್ತು. ಒಂದು ಹೋಳು ಬಿಡಿಸಲು ಸುತ್ತಿಗೆ ತರಬೇಕಾಯಿತು.

"ಪುಟ್ಟಿ ಸುತ್ತಿಗೆ ಹಿಡಿದಿದ್ದು ನಾನಂತೂ ನೋಡಿಲ್ಲ" ಅಂದರು ಮಾವ.

ನಾನೂ ನೋಡಿಲ್ಲ ಅಂದೆ.

ಆಗಸ್ಟ್ 18, ಮಂಗಳವಾರ

ಹಲ್ಲಿನ ಡಾಕ್ಟರುಗಳ ಕ್ಲಿನಿಕ್ಕುಗಳಿರುವ ಕಟ್ಟಡದಲ್ಲಿ ಕರೆಂಟ್ ಹೋಗಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ಒಬ್ಬರೇ, ಹೆಂಗಸು. ನಮ್ಮದು ಇಬ್ಬರ ಕೆಲಸ. ಒಬ್ಬ ಮೇಲೆ ಮೋಟಾರು ರೂಮಿನಲ್ಲಿ ಬ್ರೇಕ್ ಬಿಡಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಇನ್ನೊಬ್ಬ ಬಾಗಿಲ ಹತ್ತಿರ ನಿಂತು ಒಳಗಿರುವವರ ಜೊತೆ ಮಾತಾಡಬೇಕು. ಮೇಲೆ ಹೋದವನು ಗುಂಡ. ಹೆಸರು ಗುಂಡ ಅಂತ, ಆಳು ಕಡ್ಡಿ, ನನಗಿಂತ ಹಿರಿಯ. ಮೋಟಾರು ರೂಮಿನ ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಚಹಾ ಅಂಗಡಿಯಲ್ಲಿ. ಹಾಗಾಗಿ ನನಗೆ ತುಂಬ ಹೊತ್ತು ಮಾತಾಡುವ ಗ್ರಹಚಾರ ಬಂತು.

"ಯಾರಾದ್ರೂ ಇದ್ದೀರಾ?"

"ಇದ್ದೀನಿ ಮೇಡಂ. ಗಾಬರಿ ಆಗ್ಬೇಡಿ. ಬಾಗಿಲಿಂದ ಸ್ವಲ್ಪ ದೂರ ನಿಂತ್ಕೊಳ್ಳಿ."

"ಮಾತಾಡ್ತಾ ಇರಿ, ಪ್ಲೀಸ್. ನೀವು ಸುಮ್ನಾದ್ರೆ ನನಗೆ ಉಸಿರು ಕಟ್ಟುತ್ತೆ."

ಹಗ್ಗ, ಬ್ರೇಕು, ಬೀಳೋದು, ಈ ಮಾತು ಎತ್ತಬಾರದು ಅಂತ ಕಂಪನಿ ನಿಯಮ. ಮೊದಲೆಲ್ಲ ಹವಾಮಾನ, ಮಕ್ಕಳ ಸ್ಕೂಲು ಅಂತ ಏನಾದರೂ ತೇಲಿಬಿಡುತ್ತಿದ್ದೆ. ಇವತ್ತು ತಲೆಯಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ.

"ನಮ್ಮ ಮನೇಲಿ ಸೇಬು ಕಪ್ಪಾಗ್ತಿದೆ" ಅಂದೆ.

"ಏನಂದ್ರಿ?" ಅಂತ ಒಳಗಿಂದ ಕೇಳಿತು.

ಎಲ್ಲ ಹೇಳಿದೆ. ಹಿತ್ತಲಿನ ಮರ, ಕರಡಿ ಚಿತ್ರದ ಫ್ರೀಜರು, ಮಾವನ ಸಾಲು, ನಿಂಬೆ, ಸುತ್ತಿಗೆ. ಆಕೆ ಅಲ್ಲಿ ಹಲ್ಲಿನ ಡಾಕ್ಟರಂತೆ. ತನ್ನ ಮಕ್ಕಳ ಡಬ್ಬಿಗೆ ದಿನಾ ಸೇಬು ಹೆಚ್ಚಿ ಕಳಿಸುವವರಂತೆ.

"ಸಿಪ್ಪೆ ತೆಗೆದ ಮೇಲೆ ಎಷ್ಟು ಹೊತ್ತು ಹೊರಗಿಡ್ತೀರಿ?"

"ಎಲ್ಲ ಹಣ್ಣಿಂದೂ ಮುಗಿಯೋವರೆಗೆ."

ಆಕೆ ನಕ್ಕರು. ಎರಡು ಮಹಡಿಗಳ ನಡುವೆ ನೇತಾಡುತ್ತಾ ಒಬ್ಬರು ನಗುವುದನ್ನು ನಾನು ಈ ಕೆಲಸಕ್ಕೆ ಸೇರಿದ ಮೇಲೆ ಕೇಳಿರಲಿಲ್ಲ. "ಗಾಳಿ ತಗುಲಿದ್ರೆ ಕಪ್ಪಾಗೋದು ರೀ! ಒಂದು ಹಣ್ಣು ಹೆರೆದ್ರಾ, ಕೊಯ್ದ್ರಾ, ತಕ್ಷಣ ನೀರಿಗೆ. ಆಮೇಲೆ ಇನ್ನೊಂದು. ನಿಂಬೆ ಬಿಡಿ. ವಿಟಮಿನ್ ಸಿ ಮಾತ್ರೆ ಬರುತ್ತಲ್ಲ, ಅದನ್ನ ಪುಡಿ ಮಾಡಿ ನೀರಿಗೆ ಹಾಕಿ, ಹುಳೀನೂ ಆಗಲ್ಲ. ಹೋಳು ಒರೆಸಿ ತಟ್ಟೇಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿಗೆ ಇಡಿ. ಕಲ್ಲಾದ ಮೇಲೆ ಚೀಲಕ್ಕೆ ತುಂಬಿ, ಒಳಗಿನ ಗಾಳಿ ಒತ್ತಿ ತೆಗೀರಿ."

ಅಷ್ಟರಲ್ಲಿ ಮೇಲೆ ಗುಂಡ ಚಕ್ರ ತಿರುಗಿಸಲು ಶುರು ಮಾಡಿದ. ಲಿಫ್ಟ್ ಅಂಗುಲ ಅಂಗುಲ ಇಳಿಯಿತು. ಬಾಗಿಲು ತೆಗೆದಾಗ ಆಕೆಯ ಮುಖ ಬಿಳಿಚಿತ್ತು, ಮಾತು ಮಾತ್ರ ನಿಂತಿರಲಿಲ್ಲ.

"ಇನ್ನೊಂದು. ಒಂದು ಚೀಲಕ್ಕೆ ಮನೆಮಂದಿಗೆ ಒಂದು ಹೊತ್ತಿಗೆ ಬೇಕಾದಷ್ಟೇ ಹಾಕಿ. ಒಮ್ಮೆ ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಬಾರದು. ಮನೇಲಿ ಎಷ್ಟು ಜನ?"

"ಇಬ್ಬರು."

"ಹಾಗಾದ್ರೆ ಇಬ್ಬರಿಗೆ ಆಗುವಷ್ಟು" ಅಂದು ಮೆಟ್ಟಿಲಲ್ಲೇ ಇಳಿದು ಹೋದರು.

ಗಂಟಲು ನೋಯುತ್ತಿದೆ. ಇಷ್ಟು ಮಾತಾಡಿ ಅಭ್ಯಾಸ ತಪ್ಪಿದೆ.

ಆಗಸ್ಟ್ 19, ಬುಧವಾರ

ಮಾವನಿಗೆ ಹೇಳಿದೆ. "ಅಂದ್ರೆ ಒಂದು ಹಣ್ಣನ್ನ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಾ?" ಅಂದರು. ಯಾರೋ ಅವರಿಗೆ ಬಟ್ಟೆ ತಿರುಗಿಸಿ ಹಾಕಿಕೊಳ್ಳಿ ಅಂದ ಹಾಗಿತ್ತು ಮುಖ.

"ಮಾತ್ರೆ ತರಬೇಕು, ಮೆಡಿಕಲ್ ಶಾಪಿಗೆ ಹೋಗಿ ಬರ್ತೀನಿ" ಅಂತ ಚಪ್ಪಲಿ ಹುಡುಕತೊಡಗಿದರು.

ಮನೆಯಲ್ಲೇ ಇತ್ತು. ಅವಳಿಗೆ ಬರೆದುಕೊಟ್ಟ ಹತ್ತೆಂಟು ಮಾತ್ರೆಗಳಲ್ಲಿ ಅದೂ ಒಂದು. ಮಂಚದ ಪಕ್ಕದ ಡ್ರಾಯರ್ ಎಳೆದೆ. ಏಪ್ರಿಲ್ ಆದ ಮೇಲೆ ಅದನ್ನು ತೆಗೆದಿರಲಿಲ್ಲ. ಬಾಚಣಿಗೆ, ಕನ್ನಡಕ, ಒಂದು ಕಾಲಿನ ಸಾಕ್ಸು, ಮಾತ್ರೆ. ಮಾವ ಮಾತ್ರೆಯ ಹಿಂದಿನ ತಾರೀಖು ಓದಿ ಇನ್ನೂ ಅವಧಿ ಇದೆ ಅಂದರು. ಅವಧಿ ಅನ್ನುವಾಗ ದನಿ ಸ್ವಲ್ಪ ತೊಡರಿತು.

ನನಗೆ ಏನೂ ಅನ್ನಿಸಲಿಲ್ಲ. ಡ್ರಾಯರ್ ಬಿಗಿಯಾಗಿದೆ, ಅಂಚಿಗೆ ಮೇಣ ಹಚ್ಚಬೇಕು.

ಆಗಸ್ಟ್ 22, ಶನಿವಾರ

ಮಧ್ಯಾಹ್ನ ಹಣ್ಣು ಕಿತ್ತೆವು. ನಾನು ಏಣಿ ಮೇಲೆ, ಮಾವ ಕೆಳಗೆ ಏಣಿ ಹಿಡಿದು. ತುದಿಯ ಒಂದು ಹಣ್ಣಿಗೆ ಕೈ ಚಾಚಿದಾಗ ಏಣಿ ವಾಲಿತು. "ಹಿಡ್ಕೊಳ್ಳೋ! ಕೊಂಬೆ ಹಿಡ್ಕೊಳ್ಳೋ, ಮಾರಾಯ!" ಅಂತ ಮಾವ ಬೊಬ್ಬೆ ಹಾಕಿದರು. ಹಿಡಿದುಕೊಂಡೆ. ಕೆಳಗಿಳಿದ ಮೇಲೆ ಅವರು ಬೇರೆಲ್ಲೋ ನೋಡುತ್ತಾ "ನಿಧಾನ ಅಳಿಯಂದಿರೇ, ಅವಸರ ಮಾಡ್ಬೇಡಿ" ಅಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ.

ಅಂಗಡಿಗೆ ಹೋಗಿ ಹೊಸ ಪೀಲರ್ ತಂದೆ. ಹಿಡಿ ದಪ್ಪ ಇರುವುದು. ಹಳೆಯದು ಮಾವನ ಬೆರಳಿಗೆ ಒತ್ತುತ್ತದೆ.

ಆಗಸ್ಟ್ 23, ಭಾನುವಾರ

ಮೇಜಿನ ನಡುವೆ ದೊಡ್ಡ ಪಾತ್ರೆ, ಅದರಲ್ಲಿ ಮಾತ್ರೆ ಕರಗಿಸಿದ ನೀರು. ಆ ಕಡೆ ಮಾವ, ಈ ಕಡೆ ನಾನು. ಅವರು ಒಂದು ಹಣ್ಣು ಹೆರೆದು ನನ್ನ ಕೈಗೆ ಕೊಡಬೇಕು, ನಾನು ಕೊಯ್ದು ಅಲ್ಲೇ ನೀರಿಗೆ ಬಿಡಬೇಕು. ಮಧ್ಯೆ ನಿಲ್ಲುವ ಹಾಗಿಲ್ಲ. "ಕೊಡಿ." "ತಗೊಳ್ಳಿ." "ಇದಕ್ಕೆ ಹುಳ ಬಿದ್ದಿದೆ." "ಅಷ್ಟು ಭಾಗ ತೆಗೆದು ಕೊಡಿ." ಮೊದಮೊದಲು ಮಾವನಿಗೆ ಕೈಯೇ ಬರಲಿಲ್ಲ. ಒಂದು ಹೆರೆದವರು ಅದನ್ನು ಮೇಜಿನ ಮೇಲಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ನಾನು ಕಿತ್ತುಕೊಳ್ಳುತ್ತಿದ್ದೆ.

"ಸ್ವಲ್ಪ ತಾಳ್ರೀ. ಹಾಳೆ ಕಿತ್ತುಕೊಂಡ ಹಾಗೆ ಕಿತ್ಕೋತೀರಲ್ಲ."

"ಕಪ್ಪಾಗುತ್ತೆ ಮಾವ."

"ಆಗಲಿ ಬಿಡಿ, ನಾನೂ ಕಪ್ಪಗೇ ಇದ್ದೀನಿ."

ಇದು ಅವರು ನನ್ನ ಹತ್ತಿರ ಆಡಿದ ಮೊದಲ ತಮಾಷೆ ಅಂತ ಕಾಣುತ್ತದೆ. ನಗಬೇಕು ಅಂತ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ಆಮೇಲೆ ಪುಟ್ಟಿ ಚಿಕ್ಕವಳಿದ್ದಾಗಿನ ಕಥೆ ಹೇಳಿದರು. ಬೈಂಡಿಂಗ್ ಅಂಗಡಿಯ ಮೂಲೆಯಲ್ಲಿ ಕೂತು ಸೇಬು ತಿನ್ನುತ್ತಿದ್ದಳಂತೆ. ತಿಂದು ಉಳಿದ ದಿಂಡನ್ನು ಯಾವುದೋ ವಕೀಲರ ಪುಸ್ತಕದ ಹಾಳೆಗಳ ನಡುವೆ ಇಟ್ಟು, ಒತ್ತುವ ಯಂತ್ರದ ಕೆಳಗೆ ಸೇರಿಸಿಬಿಟ್ಟಳಂತೆ. ವಕೀಲರು ಬಂದು ಪುಸ್ತಕ ತೆರೆದರೆ ಮಧ್ಯದಲ್ಲಿ ಸೇಬಿನ ಅಚ್ಚು. "ನಾನು ಬೈಯೋಕೆ ಹೋದೆ. ಅವಳು, ಅಪ್ಪಾ, ಯಾವ ಪುಟದವರೆಗೆ ಓದಿದ್ರು ಅಂತ ಗುರುತಿಗೆ ಇಟ್ಟೆ ಅಂದಳು." ಹೇಳುತ್ತಾ ಹೇಳುತ್ತಾ ಮಾವನ ಮೂಗು ಸೋರಿತು. ಎರಡೂ ಕೈ ಒದ್ದೆ, ತೋಳಿನಲ್ಲಿ ಒರೆಸಿಕೊಂಡರು. ಪೀಲರ್ ಮಾತ್ರ ನಿಲ್ಲಲಿಲ್ಲ.

ನನಗೆ ಈ ಕಥೆ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ. ಎದ್ದು ತಟ್ಟೆ ತರಲು ಹೋದೆ. ತಟ್ಟೆಗಳು ಅಲ್ಲೇ ಮೇಜಿನ ಮೇಲಿದ್ದವು ಅಂತ ಆಮೇಲೆ ನೋಡಿದೆ.

ಸೋಫಾದಿಂದ ಸೊಂಟ ಹಿಡಿದುಕೊಂಡಿದೆ. ಇವತ್ತು ಮಂಚದ ಮೇಲೆ ಮಲಗುತ್ತೇನೆ.

ಆಗಸ್ಟ್ 24, ಸೋಮವಾರ

ಬೆಳ್ಳಗಿದೆ. ಒಂದೂ ಕಂದಾಗಿಲ್ಲ, ಒಂದಕ್ಕೊಂದು ಅಂಟಿಲ್ಲ. ತಟ್ಟೆ ಅಲ್ಲಾಡಿಸಿದರೆ ಸದ್ದಾಗುತ್ತದೆ. ಮಾವ ಒಂದು ಹೋಳು ಹಿಡಿದುಕೊಂಡು ಮನೆಯೆಲ್ಲ ಓಡಾಡಿದರು.

ಆಗಸ್ಟ್ 27, ಗುರುವಾರ

ಸಂಜೆ ಕೆಲಸದಿಂದ ಬಂದು ಕೈ ತೊಳೆದು ನೇರ ಮೇಜಿಗೆ. ಈಗ ಇಬ್ಬರಿಗೂ ಕೈ ಕುದುರಿದೆ. ಊಟವೂ ಅಲ್ಲೇ, ಸಿಪ್ಪೆ ಒಂದು ಕಡೆ ಸರಿಸಿ. ಮಾವ ಅನ್ನ, ಮೊಟ್ಟೆ ಮಾಡಿಟ್ಟಿದ್ದರು. ಉಪ್ಪು ಜಾಸ್ತಿ ಅಂದೆ. ನಾಳೆಯಿಂದ ನೀವೇ ಹಾಕ್ಕೊಳ್ಳಿ ಅಂದರು.

ಮಾವ ಸಣ್ಣ ಚೀಲಗಳ ಕಟ್ಟು ತಂದಿದ್ದಾರೆ. "ನಿಮಗೊಬ್ಬರಿಗೆ ಒಂದು ಹೊತ್ತಿಗೆ ಒಂದು ಬಟ್ಟಲು ಸಾಕು. ಇದಕ್ಕೆ ಸರಿಯಾಗುತ್ತೆ" ಅಂದು ಕಟ್ಟು ಬಿಚ್ಚಿ ನನ್ನ ಮುಂದೆ ಇಟ್ಟು ಮಲಗಲು ಹೋದರು. ಚೀಲ ತುಂಬುವುದು ನನ್ನ ಕೆಲಸ, ಅವರ ಬೆನ್ನು ಆ ಪೆಟ್ಟಿಗೆಗೆ ಬಗ್ಗುವುದಿಲ್ಲ.

ಸಣ್ಣ ಚೀಲದ ಬಾಯಿ ಕಟ್ಟಲು ಬರುವುದಿಲ್ಲ, ಬೆರಳು ಜಾರುತ್ತದೆ. ದೊಡ್ಡದರಲ್ಲೇ ಎರಡೆರಡು ಬಟ್ಟಲು ಹಾಕಿ, ಗಾಳಿ ಒತ್ತಿ ತೆಗೆದು, ಕಟ್ಟಿ ಇಳಿಸಿದೆ. ಸುಮಾರು ಅರ್ಧ ಪೆಟ್ಟಿಗೆ ತುಂಬಿತು. ಅವಳ ಚೀಲ ಅಡಿಯಲ್ಲಿ ಸಿಕ್ಕಿ ಒತ್ತಿಹೋಗಬಾರದು ಅಂತ ಎತ್ತಿ ಎಲ್ಲದರ ಮೇಲೆ ಇಟ್ಟೆ.

ಆಗಸ್ಟ್ 30, ಭಾನುವಾರ

ಮತ್ತೆ ಹಣ್ಣು. ಮತ್ತೆ ಎರಡೆರಡು ಬಟ್ಟಲು.

ಕೆಲಸದ ನಡುವೆ ಬಚ್ಚಲಮನೆ ಗೋಡೆಗೆ ಹಿಡಿಕೆ ಹಾಕಿದೆ. ಹಳೆಯ ಲಿಫ್ಟಿನಿಂದ ಬಿಚ್ಚಿದ ಸ್ಟೀಲ್ ಕಂಬಿ, ಸುಮ್ಮನೆ ಶೆಡ್ಡಿನಲ್ಲಿ ಬಿದ್ದಿತ್ತು. ಮಾವ ಒಂದೆರಡು ಸಲ ಅಲ್ಲಿ ಜಾರಿದ್ದರು. ಬಂದು ಹಿಡಿದು ನೋಡಿದರು. ಎಳೆದು ನೋಡಿದರು.

"ಇನ್ನೊಂದು ವಾರಕ್ಕೆ ಇಷ್ಟೆಲ್ಲಾ ಯಾಕೆ?"

"ಕಂಬಿ ಬಿದ್ದಿತ್ತು" ಅಂದೆ.

ಸೆಪ್ಟೆಂಬರ್ 2, ಬುಧವಾರ

ಮಾವ ಗಂಟು ಕಟ್ಟುತ್ತಿದ್ದಾರೆ. ಬಟ್ಟೆಗಿಂತ ಸಾಮಾನೇ ಜಾಸ್ತಿ. ದಪ್ಪ ಸೂಜಿಗಳು, ಮೇಣ ಹಚ್ಚಿದ ದಾರ, ಮಡಿಕೆ ಒತ್ತುವ ಮೂಳೆಯ ಪಟ್ಟಿ. ದಾರಕ್ಕೆ ಹಚ್ಚುವ ಮೇಣದ ಗಡ್ಡೆಯನ್ನು ಮಾತ್ರ ನನಗೆ ಕೊಟ್ಟರು. "ಡ್ರಾಯರ್‌ಗೆ ಅಂತಿದ್ರಲ್ಲ." ನಾನು ಯಾವಾಗ ಅವರಿಗೆ ಹೇಳಿದೆನೋ ನೆನಪಿಲ್ಲ. ಹಚ್ಚಿದೆ, ಈಗ ಸಲೀಸಾಗಿ ಓಡುತ್ತದೆ.

ಚಹಾ ಕುಡಿಯುತ್ತಾ ಮಗನ ಮಾತು ತೆಗೆದರು, "ಅವನ ಮನೆ ಒಂಬತ್ತನೇ ಮಹಡೀಲಿ. ಲಿಫ್ಟಲ್ಲಿ ಹೋಗ್ಬೇಕು."

ಮಾವ ಇದುವರೆಗೆ ಲಿಫ್ಟ್ ಹತ್ತಿದವರಲ್ಲ. ಲಿಫ್ಟ್ ರಿಪೇರಿಯವನಿಗೆ ಮಗಳನ್ನು ಕೊಟ್ಟು, ಲಿಫ್ಟ್ ಕಂಡರೆ ಮೆಟ್ಟಿಲ ಕಡೆ ನಡೆಯುವ ಆಸಾಮಿ. ಆಸ್ಪತ್ರೆಯಲ್ಲೂ ಐದು ಮಹಡಿ ದಿನಾ ನಡೆದೇ ಹತ್ತುತ್ತಿದ್ದರು, ಅವಳು ನನ್ನನ್ನು ನೋಡಿ ಕಣ್ಣು ಮಿಟುಕಿಸುತ್ತಿದ್ದಳು.

"ಅದು ಮಧ್ಯದಲ್ಲಿ ನಿಂತುಬಿಟ್ರೆ ಏನು ಮಾಡೋದು?"

"ಗಂಟೆ ಗುಂಡಿ ಒತ್ತಿ. ಯಾರಾದ್ರೂ ಬಂದು ಬಾಗಿಲ ಹತ್ರ ನಿಂತು ಮಾತಾಡ್ತಾರೆ."

"ಯಾರು ಬರ್ತಾರೆ?"

"ನನ್ನಂಥೋನು ಯಾರೋ ಒಬ್ಬ."

ಮಾವ ಲೋಟ ತಿರುಗಿಸುತ್ತಾ ಕೂತರು. "ನಿಮ್ಮಂಥೋನು" ಅಂದರು.

ರಾತ್ರಿ ಊಟ ಸೇರಲಿಲ್ಲ. ಮಧ್ಯಾಹ್ನ ಹೊರಗೆ ತಿಂದದ್ದು ಸರಿ ಇರಲಿಲ್ಲವೇನೋ.

ಸೆಪ್ಟೆಂಬರ್ 5, ಶನಿವಾರ

ಮರ ಖಾಲಿ. ಫ್ರೀಜರು ತುಂಬಿತು. ಕರಡಿಯ ಮೇಲೆ ಕೂತರೆ ಮಾತ್ರ ಮುಚ್ಚಳ ಮುಚ್ಚಿಕೊಳ್ಳುತ್ತದೆ.

ಸೆಪ್ಟೆಂಬರ್ 6, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾವಮೈದುನ ಬೆಳಿಗ್ಗೆಯೇ ಕಾರು ತಂದ. ಮಾವನ ಸಾಮಾನನ್ನು ಇಬ್ಬರೂ ಸೇರಿ ಕಾರಿಗೆ ಹಾಕಿದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಯಾವುದೋ ಕಚೇರಿಯಲ್ಲಿ ಸರದಿ ಕಾಯುವವರ ಥರ. ಏನಾದರೂ ಹೇಳಬೇಕು ಅನ್ನಿಸಿತು. "ಸ್ವಲ್ಪ ಸೇಬು ತಗೊಂಡು ಹೋಗು" ಅಂತ ಭಾವಮೈದುನನಿಗೆ ಹೇಳಿದೆ.

ಅವನು ಹೋಗಿ ಫ್ರೀಜರಿನ ಮುಚ್ಚಳ ತೆಗೆದ. ಮೇಲಿದ್ದ ಚೀಲಗಳನ್ನು ಎತ್ತಿ ಪಕ್ಕದ ಸ್ಟೂಲ್ ಮೇಲೆ ಇಡುತ್ತಾ, "ಅಬ್ಬಾ, ಏನು ಬೆಳ್ಳಗಿದೆ!" ಅಂದ. ಆಮೇಲೆ, "ಭಾವ, ಒಂದೊಂದು ಚೀಲಕ್ಕೆ ಇಷ್ಟೊಂದಾ? ಒಬ್ಬರು ಹೇಗೆ ಮುಗಿಸ್ತೀರಿ? ಕರಗಿದ್ಮೇಲೆ ಮತ್ತೆ ಇಡೋ ಹಾಗಿಲ್ವಲ್ಲ" ಅಂದ.

ಮಾವ ಎದ್ದು ಬಂದರು. ಒಂದು ಕೈ ಸೊಂಟಕ್ಕಿಟ್ಟು, ನರಳುತ್ತಾ, ಫ್ರೀಜರಿನೊಳಕ್ಕೆ ಬಗ್ಗಿದರು. ಒಂದು ಚೀಲ ತೆಗೆದು ಅಂಗೈಯಲ್ಲಿ ತೂಗಿ ನೋಡಿದರು. ಇನ್ನೊಂದು ತೆಗೆದರು. ಕೆಳಗಿನಿಂದ ಮತ್ತೊಂದು.

"ಸಣ್ಣ ಚೀಲ ತಂದುಕೊಟ್ಟಿದ್ದೆನಲ್ಲ."

"ಅದರ ಬಾಯಿ ಕಟ್ಟೋಕೆ ಬರಲ್ಲ" ಅಂದೆ.

"ಎಲ್ಲಾನೂ ಹೀಗೇನಾ?"

"ಎಲ್ಲಾನೂ."

"ಯಾರಿಗೆ ಅಂತ ಹಾಕಿದ್ರಿ?"

ಉತ್ತರ ಹುಡುಕಿದೆ. ಸುಮ್ಮನಿದ್ದರೆ ಕಾರು ಹೊರಟುಬಿಡುತ್ತದೆ ಅಂತ ಭಯವಾಯಿತು. ಎಷ್ಟೋ ತಿಂಗಳ ಮೇಲೆ ನನಗೆ ಭಯವಾಯಿತು.

"ನಮಗೆ" ಅಂದೆ.

ಮಾವ ನನ್ನ ಮುಖ ನೋಡಲಿಲ್ಲ. ಚೀಲಗಳನ್ನು ಒಂದೊಂದಾಗಿ ವಾಪಸ್ ಇಟ್ಟರು. ಮುಚ್ಚಳ ಹಾಕಿ ಅದರ ಮೇಲೆ ಕೂತರು, ಕರಡಿಯ ಮುಖದ ಮೇಲೆಯೇ. ಮಗನಿಗೆ ಹೇಳಿದರು, "ಕಾರಿಂದ ನನ್ನ ಸಾಮಾನು ಇಳಿಸಪ್ಪ. ಇಷ್ಟು ಹಣ್ಣು ಹಾಳು ಮಾಡೋಕಾಗುತ್ತಾ? ಇವರೊಬ್ಬರ ಕೈಲಿ ಮುಗಿಯೋದಲ್ಲ ಇದು."

"ಅಪ್ಪಾ, ರೂಮು ರೆಡಿ ಮಾಡಿದೀವಿ..."

"ರೂಮು ಕೆಡಲ್ಲ ಕಣೋ. ಇನ್ನೊಂದು ದಿನ ಬಂದು ಇದ್ದು ಹೋಗ್ತೀನಿ. ಮೆಟ್ಟಿಲಿದೆ ತಾನೇ?"

ಭಾವಮೈದುನ ನನ್ನ ಕಡೆ ನೋಡಿದ. ನಾನು ಆಗಲೇ ಕಾರಿನ ಡಿಕ್ಕಿ ತೆಗೆಯುತ್ತಿದ್ದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಹೋದ ಭಾನುವಾರ ಫೋನಲ್ಲೇ ಹೇಳಿದ್ರೆ ಪೆಟ್ರೋಲಾದ್ರೂ ಉಳೀತಿತ್ತು ಭಾವ" ಅಂದ. ಹೋದ ಭಾನುವಾರ ನನಗೇ ಗೊತ್ತಿರಲಿಲ್ಲ. ಚಹಾ ಕುಡಿದು, ನಾಲ್ಕು ಚೀಲ ಸೇಬು ಕಟ್ಟಿಸಿಕೊಂಡು ಹೋದ.

ಸೂಜಿ, ದಾರಗಳನ್ನೆಲ್ಲ ಮಾವನ ಕೋಣೆಗೆ ಸಾಗಿಸಿ ಮುಗಿಸುವಾಗ ಮಧ್ಯಾಹ್ನವಾಗಿತ್ತು. ಹಿಂದಿನ ಕೋಣೆಗೆ ಹೋದರೆ ಸ್ಟೂಲ್ ಮೇಲೆ ಒಂದು ಚೀಲ ಉಳಿದಿತ್ತು, ಸುತ್ತ ನೀರು. ಭಾವಮೈದುನ ಎಲ್ಲಕ್ಕಿಂತ ಮೊದಲು ಎತ್ತಿಟ್ಟದ್ದು ಅದು. ಮೇಲೆ ಇಟ್ಟವನು ನಾನೇ. ಅವಳದ್ದು.

ಒತ್ತಿ ನೋಡಿದೆ, ಮೆತ್ತಗಾಗಿತ್ತು. ಮಾವನನ್ನು ಕರೆದೆ. ಬಂದವರು ಬಾಗಿಲಲ್ಲೇ ನಿಂತರು. ಇಬ್ಬರೂ ಅದನ್ನು ಎಷ್ಟು ಹೊತ್ತು ನೋಡಿದೆವೋ.

"ಮತ್ತೆ ಇಡೋ ಹಾಗಿಲ್ಲ, ಅಲ್ವಾ?" ಅಂದರು.

"ಇಲ್ಲ ಮಾವ."

ಮಾವ ಹೋಗಿ ಬಟ್ಟಲು ತಂದರು. ಕತ್ತರಿಯಿಂದ ಚೀಲದ ಬಾಯಿಯನ್ನು ನೇರವಾಗಿ ಕತ್ತರಿಸಿದರು, ಒಂದು ನೂಲು ಆಚೀಚೆ ಇಲ್ಲದಂತೆ. ಅವರ ಬಟ್ಟಲಿಗೆ ಸುರಿದೆ, ನನ್ನದಕ್ಕೆ ಸುರಿದೆ. ಎರಡೂ ತುಂಬಿದ ಮೇಲೂ ಚೀಲದಲ್ಲಿ ಇನ್ನೂ ಒಂದು ಬಟ್ಟಲಿನಷ್ಟು ಇತ್ತು. ಅವಳು ಯಾವಾಗಲೂ ಮೂವರಿಗೆ ಹಾಕುತ್ತಿದ್ದಳು.

ಆ ಉಳಿದದ್ದನ್ನು ನೋಡಿ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬರಲಿಲ್ಲ, ಆಮೇಲೂ ಬಂದಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಸಣ್ಣ ಮಕ್ಕಳ ಹಾಗೆ ಅತ್ತೆ. ಮಾವ ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. ಅವರ ಕೈ ತಣ್ಣಗೆ ಒದ್ದೆಯಾಗಿತ್ತು, ಸೇಬಿನ ವಾಸನೆ. ಅವರೂ ಅಳುತ್ತಿದ್ದರು. ಆದರೂ ಅವರ ಕಣ್ಣು ಬಟ್ಟಲಿನ ಮೇಲೇ ಇತ್ತು. ಹೋಳುಗಳ ಅಂಚು ಆಗಲೇ ತೆಳ್ಳಗೆ ಕಂದು ತಿರುಗುತ್ತಿತ್ತು.

ಅವಳ ಪಾಲನ್ನು ಸಮನಾಗಿ ಎರಡೂ ಬಟ್ಟಲಿಗೆ ಹಾಕಿದರು. ಚಮಚ ನನ್ನ ಕೈಗೆ ಕೊಟ್ಟರು.

"ತಿನ್ನಪ್ಪಾ, ಬಣ್ಣ ತಿರುಗೋಕೆ ಮುಂಚೆ ತಿನ್ನು" ಅಂದರು.

ತಿಂದೆವು. ಸಿಹಿಯಾಗಿತ್ತು.